ರೈಲು ಬಿಟ್ಟುಹೋದ ದಾರಿ

ಫ್ರಾನ್ಸಿನ ಬರ್ಗಂಡಿ ಪ್ರಾಂತವು ದ್ರಾಕ್ಷಿತೋಟಗಳಿಂದ ಕಂಗೊಳಿಸುವ ಗುಡ್ಡಗಾಡು. ಅಲ್ಲಿನ ಜಿವ್ರಿ ಮತ್ತು ಕ್ಲೂನಿ ಎಂಬ ಊರುಗಳ ನಡುವೆ ಹಿಂದೆ ಉಗಿಬಂಡಿ ಓಡುತ್ತಿತ್ತು. ರೈಲು ಸಂಚಾರ ನಿಂತು ಎಷ್ಟೋ ವರ್ಷಗಳಾದ ಮೇಲೆ, 1997ರಲ್ಲಿ, ಆ ಮಾರ್ಗವು 44 ಕಿಲೋಮೀಟರ್ ಉದ್ದದ ‘ಹಸುರು ದಾರಿ’ಯಾಯಿತು. ಮೋಟಾರು ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ.

ಗುಡ್ಡಗಾಡಾದರೂ ಸೈಕಲ್ ಸವಾರನಿಗೆ ಅಲ್ಲಿ ಏದುಸಿರು ಬಾರದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಸುಲಭವಾಗಿ ಜಾರುವುದರಿಂದ ರೈಲು ಕಡಿದಾದ ಏರನ್ನು ಹತ್ತಲಾರದು. ಆದಕಾರಣ ರೈಲುಮಾರ್ಗ ನಿರ್ಮಿಸುವವರು ದಿಬ್ಬಗಳನ್ನು ಕಡಿದು, ತಗ್ಗುಗಳನ್ನು ತುಂಬಿ, ಏರಿಳಿತವನ್ನು ತಗ್ಗಿಸುತ್ತಾರೆ. ಉಗಿಯಂತ್ರಕ್ಕಾಗಿ ಪಟ್ಟ ಆ ಶ್ರಮವು ಇಂದು ಬಾಲಕರಿಗೂ ವೃದ್ಧರಿಗೂ ನಿರ್ಭಯವಾದ ಪಥವನ್ನು ಒದಗಿಸಿದೆ.

ಕ್ಲೂನಿಯ ಆಚೆ, ಮಕಾನ್ ನಗರದತ್ತ ಸಾಗುವಾಗ, ಸುಮಾರು 1,600 ಮೀಟರ್ ಉದ್ದದ ಬ್ವಾ ಕ್ಲೇರ್ ಸುರಂಗವಿದೆ. ಚಳಿಗಾಲದಲ್ಲಿ ಬಾವಲಿಗಳು ಅದರೊಳಗೆ ದೀರ್ಘನಿದ್ರೆಯಲ್ಲಿರುವುದರಿಂದ ಅದನ್ನು ಮುಚ್ಚಲಾಗುತ್ತದೆ. ಆಗ ಸವಾರರು ಗುಡ್ಡವನ್ನೇರಿ ಸಾಗುತ್ತಾರೆ. ಬಾವಲಿಗಳ ನಿದ್ರೆಗೆ ಭಂಗ ಬಾರದು.