ಮೂರು ದ್ವೀಪ, ಒಂದು ಬಿಡುವಿನ ದಿನ

'ದೇಶ ಸುತ್ತು, ಕೋಶ ಓದು' ಎಂಬ ಹಿರಿಯರ ಮಾತಿನ ಮೊದಲರ್ಧವನ್ನು ನಮ್ಮಲ್ಲಿ ಅನೇಕರು ನಿವೃತ್ತಿಯವರೆಗೆ ಮುಂದೂಡುತ್ತೇವೆ. ಆಗ ಸಮಯ ಒದಗಿರುತ್ತದೆ, ಮೊಣಕಾಲು ಮುನಿಸಿಕೊಂಡಿರುತ್ತದೆ. ಬ್ಯಾಂಕಿನ ಲೆಕ್ಕತಪಾಸಣೆಯಲ್ಲಿ ಬಾಳು ಸವೆಸಿದ ನಾನು, ಅರವತ್ತೆರಡನೆಯ ವಯಸ್ಸಿನಲ್ಲಿ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಪ್ರವಾಸಕ್ಕೆ ಸಿದ್ಧಪಡಿಸಿದ ಮೊದಲ ಪಟ್ಟಿಯಲ್ಲಿ ಹತ್ತು ದಿನಗಳಿಗೆ ಆರು ದ್ವೀಪಗಳಿದ್ದವು. ಅದನ್ನೋದಿದ ಪತ್ನಿ, "ನೀವು ಪ್ರವಾಸಕ್ಕೆ ಹೊರಟಿದ್ದೀರೋ, ಶಾಖೆಗಳ ತಪಾಸಣೆಗೋ?" ಎಂದು ಕೇಳಿದಳು. ಪಟ್ಟಿಯನ್ನು ಹರಿದುಹಾಕಿ ಹೊಸದಾಗಿ ಬರೆದೆ.

ಪೋರ್ಚುಗಲ್ ದೇಶಕ್ಕೆ ಸೇರಿದ ಈ ಒಂಬತ್ತು ಜ್ವಾಲಾಮುಖಿ ದ್ವೀಪಗಳು ಲಿಸ್ಬನ್ ನಗರದಿಂದ ಸುಮಾರು 1,500 ಕಿಲೋಮೀಟರ್ ಪಶ್ಚಿಮಕ್ಕೆ, ಸುಮಾರು 600 ಕಿಲೋಮೀಟರ್ ಉದ್ದಕ್ಕೆ ಹರಡಿಕೊಂಡಿವೆ. ಎಲ್ಲವನ್ನೂ ನೋಡಹೊರಟರೆ ರಜೆಯ ಬಹುಭಾಗ ವಿಮಾನನಿಲ್ದಾಣಗಳಲ್ಲೇ ಕಳೆಯುತ್ತದೆ. ನಡುಗುಂಪಿನ ಫಯಾಲ್, ಪೀಕೊ, ಸಾವೊ ಜೋರ್ಜ್ ಮಾತ್ರ ಒಂದರಿಂದೊಂದು ಕಾಣುವಷ್ಟು ಸಮೀಪ. ಫಯಾಲಿನ ಹೋರ್ತಾ ಬಂದರಿನಿಂದ ಪೀಕೊಗೆ ಹಡಗಿನಲ್ಲಿ ಅರ್ಧ ಗಂಟೆಯ ದಾರಿ. ಈ ಮೂರನ್ನೇ ಆರಿಸಿಕೊಂಡೆವು.

ಸ್ಪರ್ಮ್ ತಿಮಿಂಗಿಲಗಳು ಅಲ್ಲಿ ವರ್ಷವಿಡೀ ಇರುತ್ತವೆ. ನೀಲಿ ತಿಮಿಂಗಿಲ ಹಾದುಹೋಗುವುದು ಹೆಚ್ಚಾಗಿ ವಸಂತಕಾಲದಲ್ಲಿ. ಬೆಟ್ಟ ಹತ್ತಲು ಬೇಸಿಗೆಯೇ ಮೇಲು. ನಾವು ಹೋದದ್ದು ಜೂನ್ ತಿಂಗಳಿನಲ್ಲಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ವಿಮೆ ಮಾಡಿಸುವಾಗ ಹಳೆಯ ಕಾಯಿಲೆಗಳನ್ನು ಮುಚ್ಚಿಡಬಾರದು.

ದೇಹದ ಸಿದ್ಧತೆ

ಹೊರಡುವ ಮೂರು ತಿಂಗಳ ಮುನ್ನ ವೈದ್ಯರನ್ನು ಕಂಡೆವು. ರಕ್ತದೊತ್ತಡ, ಸಕ್ಕರೆ, ಹೃದಯ ಇವುಗಳ ಪರೀಕ್ಷೆಯಾದ ಮೇಲೆ ಅವರು ಹೇಳಿದ್ದಿಷ್ಟು: ಏರುವುದು ಉಸಿರಿನ ಪರೀಕ್ಷೆ, ಇಳಿಯುವುದು ಮೊಣಕಾಲಿನ ಪರೀಕ್ಷೆ, ಅಭ್ಯಾಸ ಎರಡಕ್ಕೂ ಬೇಕು. ನಿತ್ಯ ನಡಿಗೆ, ದಿನ ಬಿಟ್ಟು ದಿನ ಮನೆಯ ಮೆಟ್ಟಿಲು, ಭಾನುವಾರ ಸಿಂಹಗಡ ಎಂದು ಕ್ರಮವಿಟ್ಟುಕೊಂಡೆವು. ಹೊಸ ಬೂಟುಗಳನ್ನು ಇಲ್ಲಿಯೇ ಕಾಲಿಗೆ ಪಳಗಿಸಿದೆವು. ನಿತ್ಯದ ಔಷಧಗಳನ್ನು ವೈದ್ಯರ ಚೀಟಿಯ ಸಹಿತ ಕೈಚೀಲದಲ್ಲಿಯೇ ಇಟ್ಟುಕೊಂಡೆವು.

ಬೆಟ್ಟದ ಪಾಠ

ಪೀಕೊ ಪರ್ವತದ ಎತ್ತರ 2,351 ಮೀಟರ್. ಪೋರ್ಚುಗಲ್ಲಿನ ಅತ್ಯುನ್ನತ ಶಿಖರವಾದ ಇದು ನಮ್ಮ ಮುಳ್ಳಯ್ಯನಗಿರಿಗಿಂತ ನಾನೂರು ಮೀಟರಿಗೂ ಹೆಚ್ಚು ಎತ್ತರವಾಗಿದೆ. ಸುಮಾರು 1,200 ಮೀಟರ್ ಎತ್ತರದಲ್ಲಿರುವ ಕಟ್ಟಡದಲ್ಲಿ ಹೆಸರು ನೋಂದಾಯಿಸಿಕೊಂಡೇ ಹತ್ತಬೇಕು. ನಮ್ಮ ಇರುನೆಲೆಯನ್ನು ತಿಳಿಸುವ ಉಪಕರಣವೊಂದನ್ನು ಅಲ್ಲಿ ಕೊಡುತ್ತಾರೆ. ದಾರಿಯುದ್ದಕ್ಕೂ ಸಂಖ್ಯೆ ಬರೆದ ಕಂಬಗಳಿವೆ. ಮರದ ನೆರಳಿಲ್ಲ, ಕುಡಿಯಲು ನೀರಿಲ್ಲ. ಇರುವುದು ಲಾವಾ ಬಂಡೆಗಳು ಮಾತ್ರ. ಏರಲು ಮೂರು ನಾಲ್ಕು ಗಂಟೆ, ಇಳಿಯಲೂ ಅಷ್ಟೇ.

ಅರ್ಧ ದಾರಿ ಕಳೆದಾಗ ಮೋಡ ಕವಿಯಿತು. ಮುಂದಿನ ಕಂಬ ಕಾಣದಾಯಿತು. ಪತ್ನಿಯ ಬಲಮೊಣಕಾಲು ಊದಿಕೊಂಡಿತ್ತು. "ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ" ಎಂದಳು. ಇಷ್ಟು ದೂರ ಬಂದು ಹಿಂದಿರುಗುವುದೇ ಎಂದು ಒಂದು ಕ್ಷಣ ನನ್ನ ಮನಸ್ಸು ಹೊಯ್ದಾಡಿದ್ದು ನಿಜ. ಬೆಟ್ಟಗಳಲ್ಲಿ ಅಪಾಯ ತರುವುದು ಈ ಯೋಚನೆಯೇ. ಮಂಜಿನಲ್ಲಿ, ಚಳಿಗಾಳಿಯಲ್ಲಿ ಒಬ್ಬಳನ್ನೇ ಬಿಟ್ಟು ಹೋಗುವುದು ಎಂತಹ ವಿವೇಕ? ಇಬ್ಬರೂ ಇಳಿದೆವು. ಅಂದು ರಾತ್ರಿ ಬೇಸರದಿಂದ ನನಗೆ ನಿದ್ದೆ ಬರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಕಡಲಿನ ಮೇಲೆ

ಮರುದಿನ ಪೂರ್ಣ ವಿಶ್ರಾಂತಿ. ಅದರ ಮರುದಿನ ಪೀಕೊ ದ್ವೀಪದ ಲಾಜೆಸ್ ಊರಿನಿಂದ ಕಡಲಿಗಿಳಿದೆವು. ಈ ಊರಿನವರು ಹಿಂದೆ ತೆರೆದ ದೋಣಿಗಳಲ್ಲಿ ಹೋಗಿ ಕೈಯಿಂದಲೇ ಈಟಿ ಎಸೆದು ತಿಮಿಂಗಿಲಗಳನ್ನು ಬೇಟೆಯಾಡುತ್ತಿದ್ದರು. ಕೊನೆಯ ಬೇಟೆ 1987ರಲ್ಲಿ ನಡೆಯಿತು. ಕರಾವಳಿಯ ಎತ್ತರದಲ್ಲಿ ಕುಳಿತು ತಿಮಿಂಗಿಲದ ಉಸಿರನ್ನು ಗುರುತಿಸುವ 'ವಿಜಿಯ' ಎಂಬ ಕಾವಲುಗೂಡುಗಳು ಇಂದಿಗೂ ಉಳಿದಿವೆ. ಅಂದು ಅಲ್ಲಿಂದ ಬೇಟೆಗಾರರಿಗೆ ಸೂಚನೆ ಹೋಗುತ್ತಿತ್ತು. ಇಂದು ಪ್ರವಾಸಿಗಳ ದೋಣಿಗೆ ರೇಡಿಯೋ ಮೂಲಕ ಹೋಗುತ್ತದೆ.

ಬೆನ್ನುನೋವಿರುವವರು ಅಲೆಗಳ ಮೇಲೆ ಎತ್ತಿಹಾಕುವ ರಬ್ಬರ್ ದೋಣಿಯನ್ನು ಬಿಟ್ಟು ದೊಡ್ಡ ದೋಣಿಯನ್ನೇ ಆರಿಸಿಕೊಳ್ಳಬೇಕು. ಕಡಲಿನ ವಾಂತಿಗೆ ವೈದ್ಯರು ಸೂಚಿಸಿದ ಗುಳಿಗೆಯನ್ನು ಹೊರಡುವ ಮುನ್ನವೇ ನುಂಗಬೇಕು; ವಾಂತಿ ಆರಂಭವಾದ ಮೇಲೆ ಪ್ರಯೋಜನ ಕಡಿಮೆ. ಹಗುರವಾದ ಉಪಾಹಾರ, ದೋಣಿಯ ನಡುವಿನಲ್ಲಿ ಆಸನ, ದಿಗಂತದ ಮೇಲೆ ದೃಷ್ಟಿ, ಬೆಚ್ಚನೆಯ ಅಂಗಿ ಇವಿಷ್ಟನ್ನು ಮರೆಯಬಾರದು.

ಒಂದು ಗಂಟೆಯ ನಂತರ ಎಡಕ್ಕೆ ಓರೆಯಾಗಿ ಚಿಮ್ಮಿದ ಉಸಿರು ಕಂಡಿತು. ಸ್ಪರ್ಮ್ ತಿಮಿಂಗಿಲದ ಗುರುತೇ ಅದು. ಸುಮಾರು ಹತ್ತು ನಿಮಿಷ ಮರದ ದಿಮ್ಮಿಯಂತೆ ತೇಲುತ್ತ ಉಸಿರಾಡಿದ ಆ ಜೀವಿ, ಬೆನ್ನು ಬಾಗಿಸಿ, ಅಗಲವಾದ ಬಾಲವನ್ನೆತ್ತಿ ನಿಶ್ಶಬ್ದವಾಗಿ ಆಳಕ್ಕಿಳಿಯಿತು. ದೋಣಿಯಲ್ಲಿದ್ದವರಾರೂ ಮಾತಾಡಲಿಲ್ಲ. ಹಿಂದಿರುಗುವಾಗ ಮೋಡ ಸರಿದು ಪೀಕೊ ಶಿಖರ ಪೂರ್ತಿಯಾಗಿ ಕಂಡಿತು. ಪತ್ನಿ ಅದನ್ನು ನೋಡಿ ನಕ್ಕಳು.

ಸಾವೊ ಜೋರ್ಜಿಗೆ ಹೊರಡಬೇಕಿದ್ದ ದಿನ ಬಿರುಗಾಳಿಯಿಂದ ಹಡಗು ನಿಂತಿತು. ಪಟ್ಟಿಯಲ್ಲಿ ಖಾಲಿ ಬಿಟ್ಟಿದ್ದ ಒಂದು ದಿನ ಆಗ ನಮ್ಮನ್ನು ಕಾಪಾಡಿತು. ಅಲ್ಲಿ ಸುಮಾರು 700 ಮೀಟರ್ ಎತ್ತರದಿಂದ ಕಡಲಂಚಿಗೆ ಇಳಿಯುವ ಪ್ರಸಿದ್ಧ ಕಾಲುದಾರಿಯನ್ನು ಮೊಣಕಾಲಿನ ಸಲುವಾಗಿ ಕೈಬಿಟ್ಟೆವು. ಬಾಡಿಗೆ ಕಾರಿನಲ್ಲಿ ಅದರ ಕೆಳತುದಿಗೆ ಹೋಗಿ, ಕಡಲಂಚಿನ ಹಾದಿಯಲ್ಲಿ ಮನಸ್ಸು ತಣಿಯುವಷ್ಟು ದೂರ ನಡೆದೆವು.

ಹೊರಡಲಿಚ್ಛಿಸುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ದ್ವೀಪಕ್ಕೆ ಮೂರು ರಾತ್ರಿಯಾದರೂ ಇರಲಿ, ಕಠಿಣ ದಿನದ ಬೆನ್ನಿಗೆ ಹಗುರ ದಿನವಿರಲಿ, ಊರಿಗೆ ಮರಳುವ ವಿಮಾನದ ಹಿಂದಿನ ದಿನ ಹಡಗನ್ನು ನಂಬದಿರಿ. ಕಡಲು, ಮೋಡ, ಮೊಣಕಾಲು ಈ ಮೂರೂ ನಮ್ಮ ಆಜ್ಞೆಗೆ ಒಳಪಟ್ಟವುಗಳಲ್ಲ. ಆದ್ದರಿಂದ ಪಟ್ಟಿಯಲ್ಲಿ ಮೊದಲು ಆ ಬಿಡುವಿನ ದಿನವನ್ನು ಬರೆಯಿರಿ. ಟಿಕೆಟ್ಟನ್ನು ಆಮೇಲೆ ಕೊಳ್ಳಿರಿ.