ಹರಸಿ ಕಳುಹಿಸುವ ಗಳಿಗೆ

ಮಾರ್ಚ್ ತಿಂಗಳು ಬಂತೆಂದರೆ ಶಾಲೆ-ಕಾಲೇಜುಗಳಲ್ಲಿ ಬೀಳ್ಕೊಡುಗೆಯ ಕಾಲ. ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಡಬ್ಬಿಯಲ್ಲಿ ಉಂಡವರು ಗ್ರೂಪ್ ಫೋಟೋಕ್ಕೆ ನಿಂತು, ಹಾರ ಹಾಕಿಸಿಕೊಂಡು, ಭಾಷಣ ಕೇಳಿ, ಕೊನೆಗೆ ಗೇಟಿನ ಬಳಿ ಮಾತು ಹೊರಡದೆ ನಿಂತುಬಿಡುತ್ತಾರೆ. ಅದಾಗಿ ಎರಡು ಮೂರು ತಿಂಗಳಿಗೆ ಮನೆಗಳ ಸರದಿ. ಚಟ್ನಿಪುಡಿ, ಉಪ್ಪಿನಕಾಯಿ ಬಾಟಲಿಗಳನ್ನು ಬಟ್ಟೆಯ ನಡುವೆ ಸುತ್ತಿಟ್ಟು ತಾಯಿ ಮಗನನ್ನು ಹಾಸ್ಟೆಲ್ಲಿಗೆ ಕಳುಹಿಸುತ್ತಾಳೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ತಂದೆ ಕೈಯೆತ್ತಿಕೊಂಡೇ ನಿಂತಿರುತ್ತಾನೆ. ಮನೆಗೆ ಮರಳಿದರೆ ಮಗನ ಕೋಣೆ ಖಾಲಿ.

ಅಗಲಿಕೆ ಯಾರಿಗೂ ತಪ್ಪಿದ್ದಲ್ಲ. ಅದನ್ನು ಹೇಗೆ ಎದುರಿಸಬೇಕೆಂಬುದನ್ನು ಮಾತ್ರ ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಅದನ್ನು ಮನುಷ್ಯರು ತಮ್ಮ ಭಾಷೆಯಿಂದ, ಮನೆಯ ಪದ್ಧತಿಯಿಂದ, ನಂಬಿಕೆಯಿಂದ ಕಲಿಯುತ್ತಾರೆ. ಕನ್ನಡದ ಮನೆಗಳಲ್ಲಿ ಹೊರಡುವವರು 'ಹೋಗುತ್ತೇನೆ' ಎಂದರೆ ಹಿರಿಯರು ಕೂಡಲೇ ತಿದ್ದುತ್ತಾರೆ: 'ಹೋಗಿ ಬರುತ್ತೇನೆ ಅನ್ನು.' ಹೋಗುವ ಮಾತಿನ ಒಳಗೇ ಬರುವ ಮಾತನ್ನು ಇಟ್ಟುಬಿಡುವ ಜಾಣ್ಮೆ ಇದು. ಇಂಗ್ಲಿಷಿನ 'ಗುಡ್ ಬೈ' ಕೂಡ ಒಂದು ಕಾಲಕ್ಕೆ ಪ್ರಾರ್ಥನೆಯೇ ಆಗಿತ್ತು. 'ಗಾಡ್ ಬಿ ವಿತ್ ಯೆ', ಅಂದರೆ 'ದೇವರು ನಿನ್ನ ಸಂಗಡ ಇರಲಿ' ಎಂಬ ಮಾತು ನಾಲಿಗೆಯಲ್ಲಿ ಸವೆದು ಸವೆದು ಹಾಗಾಯಿತು. ಫ್ರೆಂಚರ 'ಅದ್ಯೂ', ಸ್ಪ್ಯಾನಿಷರ 'ಅದಿಯೋಸ್' ಎರಡಕ್ಕೂ 'ದೇವರಿಗೆ' ಎಂದೇ ಅರ್ಥ. ಅಂದರೆ, ನಿನ್ನನ್ನು ದೇವರಿಗೆ ಒಪ್ಪಿಸಿದ್ದೇನೆ ಎಂದು. ಕ್ರೈಸ್ತ ನಂಬಿಕೆ ಬೇರೂರಿದ ನಾಡುಗಳು ವಿದಾಯವನ್ನು ಹೇಗೆ ಕಂಡವು ಎಂಬುದಕ್ಕೆ ಈ ಮೂರು ಪದಗಳೇ ಸಾಕ್ಷಿ. ಅಲ್ಲಿ ಬೀಳ್ಕೊಡುವುದೆಂದರೆ ಕೈಬಿಡುವುದಲ್ಲ, ಇನ್ನೊಂದು ಕೈಗೆ ಒಪ್ಪಿಸುವುದು.

ಮಿಲೇತದ ಬಂದರಿನಲ್ಲಿ

ಬೈಬಲಿನ 'ಅಪೊಸ್ತಲರ ಕೃತ್ಯಗಳು' ಎಂಬ ಪುಸ್ತಕದ ಇಪ್ಪತ್ತನೆಯ ಅಧ್ಯಾಯದಲ್ಲಿ ಒಂದು ಬೀಳ್ಕೊಡುಗೆಯ ವರ್ಣನೆಯಿದೆ. ಕಾಲ, ಕ್ರಿ.ಶ. ೫೭ರ ಸುಮಾರು. ಸ್ಥಳ, ಈಗಿನ ತುರ್ಕಿ ದೇಶದ ಪಶ್ಚಿಮ ಕರಾವಳಿಯ ಮಿಲೇತ. ಯೆರೂಸಲೇಮಿಗೆ ಹೊರಟಿದ್ದ ಅಪೊಸ್ತಲ ಪೌಲನಿಗೆ ಪಂಚಾಶತ್ತಮ ಹಬ್ಬದೊಳಗೆ ಅಲ್ಲಿಗೆ ತಲುಪುವ ಅವಸರ. ಆದ್ದರಿಂದ ತಾನು ಮೂರು ವರ್ಷ ದುಡಿದಿದ್ದ ಎಫೆಸ ಪಟ್ಟಣಕ್ಕೆ ಹೋಗದೆ, ಸುಮಾರು ೫೦ ಕಿಲೋಮೀಟರ್ ದೂರದ ಅಲ್ಲಿಂದ ಸಭೆಯ ಹಿರಿಯರನ್ನೇ ಬಂದರಿಗೆ ಕರೆಸಿಕೊಂಡ.

ಅಲ್ಲಿ ಆತ ಮಾಡಿದ್ದು ಮೂರು ಕೆಲಸ. ಮೊದಲನೆಯದಾಗಿ ಲೆಕ್ಕ ಒಪ್ಪಿಸಿದ. ಯಾರ ಬೆಳ್ಳಿ ಬಂಗಾರಕ್ಕೂ ಆಸೆಪಟ್ಟವನಲ್ಲ, ತನ್ನ ಮತ್ತು ಜೊತೆಯವರ ಅನ್ನವನ್ನು ಸ್ವಂತ ಕೈಯಿಂದಲೇ ದುಡಿದುಕೊಂಡೆ ಎಂದು ನೆನಪಿಸಿದ. ಎರಡನೆಯದಾಗಿ, ಇನ್ನು ಮುಂದೆ ತನ್ನ ಮುಖವನ್ನು ಅವರು ಕಾಣಲಾರರೆಂಬ ಕಹಿ ಸತ್ಯವನ್ನು ಮುಚ್ಚಿಡದೆ ಹೇಳಿದ. ಮೂರನೆಯದಾಗಿ ಅವರನ್ನು ದೇವರಿಗೂ ಆತನ ಕೃಪೆಯ ವಾಕ್ಯಕ್ಕೂ ಒಪ್ಪಿಸಿದ. ಆಮೇಲೆ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿದರು. ಹಿರಿಯರು ಅವನ ಕೊರಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಕೊನೆಗೆ ಹಡಗಿನವರೆಗೂ ಹೋಗಿ ಕಳುಹಿಸಿ ಬಂದರು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅತ್ತವರನ್ನು ಪೌಲ ಗದರಲಿಲ್ಲ. ನಂಬಿಕೆಯುಳ್ಳವರು ಅಳಬಾರದು ಎಂಬ ಉಪದೇಶವನ್ನೂ ಮಾಡಲಿಲ್ಲ. ಲಾಜರನ ಸಮಾಧಿಯ ಬಳಿ ಯೇಸುವೇ ಕಣ್ಣೀರು ಹಾಕಿದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಕ್ರೈಸ್ತರ ಭರವಸೆ ಕಣ್ಣೀರಿನ ಜಾಗಕ್ಕೆ ಬಂದು ಕೂರುವುದಲ್ಲ, ಕಣ್ಣೀರಿನ ಪಕ್ಕದಲ್ಲಿ ಬಂದು ಕೂರುವುದು.

ಅಂದಹಾಗೆ, ಮಿಲೇತಕ್ಕೆ ಇಂದು ಹೋದವರಿಗೆ ಅಲ್ಲಿ ಬಂದರು ಕಾಣಿಸುವುದಿಲ್ಲ. ಮಿಯಾಂಡರ್ ನದಿ ಶತಮಾನಗಳ ಕಾಲ ಹೊತ್ತು ತಂದ ಹೂಳು ತುಂಬಿಕೊಂಡು ಸಮುದ್ರ ಹಲವು ಕಿಲೋಮೀಟರ್ ಹಿಂದೆ ಸರಿದಿದೆ. ಬಂದರು ಹೋಯಿತು, ಅಲ್ಲಿ ನಡೆದ ಬೀಳ್ಕೊಡುಗೆ ಮಾತ್ರ ಓದುವವರ ಮನಸ್ಸಿನಲ್ಲಿ ಉಳಿದಿದೆ.

ಹೋಗುವುದೇ ಒಳ್ಳೆಯದು!

ಪೌಲ ಇದನ್ನು ಕಲಿತದ್ದಾದರೂ ಎಲ್ಲಿಂದ? ಯೋಹಾನನ ಸುವಾರ್ತೆಯ ಹದಿಮೂರರಿಂದ ಹದಿನೇಳನೆಯವರೆಗಿನ ಅಧ್ಯಾಯಗಳು ಒಂದು ಸುದೀರ್ಘ ವಿದಾಯದ ದಾಖಲೆ. ಶಿಲುಬೆಯ ಮರಣದ ಹಿಂದಿನ ರಾತ್ರಿ ಯೇಸು ಶಿಷ್ಯರ ಕಾಲು ತೊಳೆದು, ಜೊತೆಯಲ್ಲಿ ಉಂಡು, ಅವರಿಗಾಗಿ ಪ್ರಾರ್ಥಿಸುತ್ತಾನೆ. ಆ ಮಾತುಗಳ ನಡುವೆ ಶಿಷ್ಯರನ್ನು ತಬ್ಬಿಬ್ಬು ಮಾಡಿದ ಒಂದು ಮಾತಿದೆ. ತಾನು ಹೋಗುವುದೇ ಅವರಿಗೆ ಹಿತ, ತಾನು ಹೋಗದಿದ್ದರೆ ಅವರಿಗೆ ಸಹಾಯಕನಾದ ಪವಿತ್ರಾತ್ಮನು ಬರುವುದಿಲ್ಲ ಎಂದು. ಪ್ರೀತಿಸಿದವರು ಹತ್ತಿರ ಇರುವುದೇ ಹಿತವೆಂದು ನಂಬಿದವರಿಗೆ ಇದು ಅರ್ಥವಾಗುವುದು ಕಷ್ಟ.

ಆದರೆ ಹೊಲ-ತೋಟ ನೋಡಿ ಬೆಳೆದವರಿಗೆ ಇದು ತೀರಾ ಅಪರಿಚಿತವೂ ಅಲ್ಲ. ಬೂರುಗದ ಕಾಯಿ ಒಡೆದಾಗ ಬೀಜಗಳು ಅರಳೆಯೊಡನೆ ಗಾಳಿಯಲ್ಲಿ ತೇಲಿ ಹೋಗುತ್ತವೆ. ಎಕ್ಕದ ಬೀಜಕ್ಕೂ ರೇಷ್ಮೆಯಂಥ ಕೂದಲಿನ ಕುಚ್ಚಿದೆ. ಬೀಜ ತಾಯಿಮರದ ಬುಡದಲ್ಲೇ ಬಿದ್ದು ಮೊಳೆತರೆ ಬೆಳಕಿಗೆ, ನೀರಿಗೆ, ಮಣ್ಣಿನ ಸಾರಕ್ಕೆ ತಾಯಿಯೊಡನೆಯೇ ಪೈಪೋಟಿ ನಡೆಸಬೇಕಾಗುತ್ತದೆ. ನೆರಳು ಕೊಟ್ಟು ಕಾಪಾಡಿದ ಮರವೇ ಆಗ ಅರಿವಿಲ್ಲದೆ ಮರಿಯ ಬೆಳವಣಿಗೆಗೆ ಅಡ್ಡಿಯಾಗುತ್ತದೆ. ಹೀಗಾಗಿ ಅದೆಷ್ಟೋ ಗಿಡಮರಗಳು ಬೀಜವನ್ನು ದೂರ ಕಳುಹಿಸುವ ಉಪಾಯಗಳನ್ನು ಹೊಂದಿವೆ.

ಯೇಸು ತನ್ನ ಮರಣದ ಬಗ್ಗೆ ಹೇಳುವಾಗಲೂ ಗೋಧಿಕಾಳಿನ ಹೋಲಿಕೆಯನ್ನೇ ಕೊಟ್ಟ. ಕಾಳು ನೆಲಕ್ಕೆ ಬಿದ್ದು ಸಾಯದಿದ್ದರೆ ಒಂದೇ ಆಗಿ ಉಳಿಯುತ್ತದೆ, ಸತ್ತರೆ ಬಹಳ ಫಲ ಕೊಡುತ್ತದೆ ಎಂಬುದು ಅದರ ಸಾರ. ಸಸ್ಯಶಾಸ್ತ್ರದ ಕಣ್ಣಿನಿಂದ ನೋಡಿದರೆ ಕಾಳಿನೊಳಗಿನ ಭ್ರೂಣ ಸಾಯುವುದಿಲ್ಲ. ಹೊರಗಿನ ಸಿಪ್ಪೆ ಸೀಳುತ್ತದೆ, ಕೂಡಿಟ್ಟ ಹಿಟ್ಟಿನ ಅಂಶವನ್ನು ಮೊಳಕೆ ಉಂಡು ಮುಗಿಸುತ್ತದೆ. ಕಾಳು ಕಾಳಾಗಿ ಉಳಿಯುವುದಿಲ್ಲ. ಬಿತ್ತಿದ ರೈತನ ಕಣ್ಣಿಗೆ ಅದು ಮುಗಿದುಹೋಯಿತು, ಆದರೆ ಅದರಿಂದಲೇ ತೆನೆ ಬಂತು. ಹೋಲಿಕೆಯ ಬಲ ಇರುವುದು ಇಲ್ಲಿಯೇ.

ಲೂಕನ ಸುವಾರ್ತೆಯ ಕೊನೆಯಲ್ಲಿ ಪುನರುತ್ಥಾನನಾದ ಯೇಸು ಶಿಷ್ಯರನ್ನು ಬೇಥಾನ್ಯದ ಬಳಿಗೆ ಕರೆದೊಯ್ದು, ಕೈಗಳನ್ನೆತ್ತಿ ಅವರನ್ನು ಆಶೀರ್ವದಿಸುತ್ತಾನೆ. ಆಶೀರ್ವದಿಸುತ್ತಿರುವಾಗಲೇ ಅವರನ್ನು ಅಗಲುತ್ತಾನೆ. ಶಿಷ್ಯರು ಬಹು ಸಂತೋಷದಿಂದ ಯೆರೂಸಲೇಮಿಗೆ ಮರಳಿದರಂತೆ! ಅಗಲಿದವರು ಸಂತೋಷದಿಂದ ಮರಳುವುದು ಸೋಜಿಗವಲ್ಲವೇ? ಯೇಸು ದೂರವಾದನೆಂದು ಅವರು ತಿಳಿಯಲಿಲ್ಲ, ಎಲ್ಲೆಲ್ಲಿಯೂ ತಮ್ಮೊಡನೆ ಇರುವವನಾದನೆಂದು ನಂಬಿದರು.

ಮಂಗಳೂರಿನ ಕಡಲಾಚೆ

ಈ ನಂಬಿಕೆ ಕನ್ನಡ ನಾಡಿನ ನೆಲದಲ್ಲಿಯೂ ಪರೀಕ್ಷೆಗೆ ಒಳಗಾಗಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅದಕ್ಕೆ ಮುಂಚೆ ಆಫ್ರಿಕದ ತುದಿಯನ್ನು ಬಳಸಿ ಬರುವ ಹಾಯಿಹಡಗಿಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮಗನನ್ನು ಕಳುಹಿಸಿಕೊಡುವ ತಂದೆತಾಯಿಗಳಿಗೆ ಅವನನ್ನು ಮತ್ತೆ ನೋಡುವ ಖಾತರಿ ಇರಲಿಲ್ಲ.

ಅಂಥ ಮಕ್ಕಳಲ್ಲಿ ಒಬ್ಬ ಫರ್ಡಿನಾಂಡ್ ಕಿಟೆಲ್. ೧೮೩೨ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದ ಈತ ೧೮೫೩ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಊರು ಬಿಟ್ಟು ಕನ್ನಡ ನಾಡಿಗೆ ಬಂದರು. ಇಲ್ಲಿ ಮದುವೆಯಾದ ಹೆಂಡತಿ ಪೌಲೀನಾ ೧೮೬೪ರಲ್ಲಿ ಮಂಗಳೂರಿನಲ್ಲಿಯೇ ತೀರಿಕೊಂಡರು. ದಶಕಗಳ ಕಾಲ ಕನ್ನಡದ ಪದಗಳನ್ನು ಕೂಡಿಹಾಕಿದ ಕಿಟೆಲ್ ೧೮೯೨ರಲ್ಲಿ ಕೊನೆಯದಾಗಿ ಜರ್ಮನಿಗೆ ಮರಳಿದರು. ಸುಮಾರು ೭೦,೦೦೦ ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು ೧೮೯೪ರಲ್ಲಿ. ಅಷ್ಟರಲ್ಲಿ ಅವರು ಕನ್ನಡ ನಾಡಿನಿಂದ ಬೀಳ್ಕೊಂಡಾಗಿತ್ತು. ೧೯೦೩ರಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಹೋದವರು ಹೋದರು, ಆದರೆ ಅವರು ಬಿಟ್ಟುಹೋದ ನಿಘಂಟು ಇಂದಿಗೂ ಕನ್ನಡಿಗರ ಕೈಗೆಟುಕುತ್ತದೆ.

ಆ ಕಾಲದ ಪಾದ್ರಿಗಳ ಮನೆಗಳಲ್ಲಿ ಇದಕ್ಕಿಂತಲೂ ಕಠಿಣವಾದ ವಿದಾಯಗಳಿದ್ದವು. ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳುಹಿಸಿ, ತಂದೆತಾಯಿ ಇಲ್ಲಿಯೇ ಉಳಿಯುವುದು ರೂಢಿಯಾಗಿತ್ತು. ಮಲಯಾಳಂ ನಿಘಂಟುಕಾರ ಹರ್ಮನ್ ಗುಂಡರ್ಟರ ಮಗಳು ಮರಿ ೧೮೪೨ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಎಳೆಯ ಮಗುವಾಗಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಿದರು. ಅವಳು ಮತ್ತೆ ಅವರನ್ನು ಬಂದು ಸೇರಿದ್ದು ೧೮೫೭ರಲ್ಲಿ, ಬೆಳೆದ ಹುಡುಗಿಯಾಗಿ. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಇವಳೇ.

ಹೀಗೆ ಮಕ್ಕಳನ್ನು ಅಗಲುವುದು ಸರಿಯೇ ಎಂದು ಇಂದಿನ ತಂದೆತಾಯಿ ಕೇಳಿದರೆ ತಪ್ಪಿಲ್ಲ. ದೇವರಿಗೆ ಒಪ್ಪಿಸಿದ್ದೇವೆ ಎನ್ನುವುದು ಮಗುವಿನ ನೋವಿಗೆ ಕಣ್ಣು ಮುಚ್ಚಿಕೊಳ್ಳಲು ನೆಪವಾಗಬಾರದು. ಒಪ್ಪಿಸುವುದಕ್ಕೂ ತೊರೆಯುವುದಕ್ಕೂ ಇರುವ ಗೆರೆ ಬಹಳ ತೆಳುವಾದದ್ದು. ಬಲಿತ ಬೀಜವನ್ನು ಗಾಳಿಗೆ ಬಿಡುವುದು ಬೇರೆ, ಎಳೆಗಾಯನ್ನು ಕಿತ್ತು ಬಿಸಾಡುವುದು ಬೇರೆ.

ಸೆರೆಮನೆಯಿಂದ ಬಂದ ಹರಕೆ

ಉಳಿದವರು ಹೋಗುವವರನ್ನು ಹರಸುವುದು ವಾಡಿಕೆ. ಹೋಗುವವರೇ ಉಳಿಯುವವರನ್ನು ಹರಸಿದ ಉದಾಹರಣೆಯೂ ಇದೆ. ಜರ್ಮನಿಯ ಪಾದ್ರಿ ಡೀಟ್ರಿಕ್ ಬೋನ್ಹಾಫರ್ ಹಿಟ್ಲರನನ್ನು ಎದುರಿಸಿ ೧೯೪೩ರ ಏಪ್ರಿಲ್‌ನಲ್ಲಿ ಸೆರೆಯಾದರು. ಆಗಷ್ಟೇ ಮರಿಯಾ ಎಂಬ ಯುವತಿಯೊಡನೆ ಅವರ ಮದುವೆ ನಿಶ್ಚಯವಾಗಿತ್ತು. ೧೯೪೪ರ ಡಿಸೆಂಬರಿನಲ್ಲಿ ಬರ್ಲಿನ್ನಿನ ನೆಲಮಾಳಿಗೆಯ ಸೆರೆಮನೆಯಿಂದ ಅವರು ಅವಳಿಗೂ ಮನೆಯವರಿಗೂ ಹೊಸ ವರ್ಷದ ಹಾರೈಕೆಯಾಗಿ ಒಂದು ಕವನ ಬರೆದು ಕಳುಹಿಸಿದರು. ದೇವರ ಒಳ್ಳೆಯ ಶಕ್ತಿಗಳು ತನ್ನನ್ನು ಸುತ್ತುವರಿದಿವೆ ಎಂಬ ಭಾವ ಅದರದ್ದು. ೧೯೪೫ರ ಏಪ್ರಿಲ್ ೯ರಂದು ಅವರನ್ನು ಗಲ್ಲಿಗೇರಿಸಲಾಯಿತು. ವಯಸ್ಸು ಬರೀ ೩೯. ಮದುವೆಯ ದಿನ ಬರಲೇ ಇಲ್ಲ. ಆ ಕವನ ಮಾತ್ರ ಇಂದಿಗೂ ಜರ್ಮನಿಯ ಚರ್ಚುಗಳಲ್ಲಿ ವರ್ಷದ ಕೊನೆಯ ರಾತ್ರಿ ಹಾಡಾಗಿ ಕೇಳಿಬರುತ್ತದೆ.

ಮರಳಿ ಬಾರದವರ ವಿದಾಯಕ್ಕೂ ಕ್ರೈಸ್ತ ನಂಬಿಕೆ ಇದೇ ಭರವಸೆಯ ಹೆಸರಿಟ್ಟಿದೆ. ಸ್ಮಶಾನಕ್ಕೆ ಇಂಗ್ಲಿಷಿನಲ್ಲಿ ಹೇಳುವ 'ಸಿಮೆಟರಿ' ಎಂಬ ಪದದ ಮೂಲ ಗ್ರೀಕ್. ಅದರ ಅರ್ಥ 'ಮಲಗುವ ಜಾಗ'. ಮಲಗಿದವರು ಏಳುತ್ತಾರೆ ಎಂಬ ನಿರೀಕ್ಷೆಯಿಂದಲೇ ಆರಂಭದ ಕ್ರೈಸ್ತರು ಸಮಾಧಿಗಳಿಗೆ ಈ ಹೆಸರನ್ನು ಒಪ್ಪಿಕೊಂಡರು.

ವಾರಕ್ಕೊಮ್ಮೆ ಅಭ್ಯಾಸ

ಇಂಥ ಮನಸ್ಸು ಒಂದೇ ದಿನಕ್ಕೆ ಬರುವುದಿಲ್ಲ, ಅದಕ್ಕೆ ಅಭ್ಯಾಸ ಬೇಕು. ಕ್ಯಾಥೊಲಿಕರ ಪೂಜೆಗೆ 'ಮಾಸ್' ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಪೂಜೆಯ ಕೊನೆಗೆ ಜನರನ್ನು ಕಳುಹಿಸಿಕೊಡುವಾಗ ಬಳಸುತ್ತಿದ್ದ 'ಮಿಸ್ಸಾ' ಎಂಬ ಪದದಿಂದ ಅದು ಹುಟ್ಟಿತು. ಇಡೀ ಆರಾಧನೆಗೇ ಬೀಳ್ಕೊಡುಗೆಯ ಹೆಸರು! ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿಯೂ ಆರಾಧನೆ ಮುಗಿಯುವುದು ಆಶೀರ್ವಚನದಿಂದಲೇ. ವಾರವಾರವೂ ಕೂಡುವುದು, ಹರಕೆ ಪಡೆದು ಚದುರುವುದು. ಹೀಗೆ ಚಿಕ್ಕ ಅಗಲಿಕೆಗಳಲ್ಲಿ ಪಳಗಿದ ಮನಸ್ಸು ದೊಡ್ಡ ಅಗಲಿಕೆಗೆ ಅಣಿಯಾಗುತ್ತದೆ.

ಯಾವ ಧರ್ಮದ ಮನೆಯವರಾದರೂ ಇದರಿಂದ ಕಲಿಯಬಹುದಾದದ್ದು ಉಂಟು. ಶಾಲೆ ಬಿಡುವ ಮಕ್ಕಳು ಮಿಲೇತದಲ್ಲಿ ಪೌಲ ಮಾಡಿದಂತೆ ಲೆಕ್ಕ ಚುಕ್ತಾ ಮಾಡಿಕೊಂಡು ಹೊರಡಬಹುದು. ಎರವಲು ತಂದ ಪುಸ್ತಕ ಹಿಂದಿರುಗಿಸುವುದು, ಮಾತು ಬಿಟ್ಟ ಗೆಳೆಯನನ್ನು ಮಾತನಾಡಿಸುವುದು, ಬೆಲ್ ಹೊಡೆಯುವ ಜವಾನನಿಗೂ ಒಂದು ವಂದನೆ ಹೇಳುವುದು, ಇವೆಲ್ಲ ಆ ಲೆಕ್ಕಕ್ಕೇ ಸೇರುತ್ತವೆ. ಕಣ್ಣು ತುಂಬಿ ಬಂದರೆ ಗಂಡುಹುಡುಗರೂ ನಾಚಬೇಕಾಗಿಲ್ಲ.

ತಂದೆತಾಯಿಗಳ ಪಾಠ ಇನ್ನೂ ಕಷ್ಟದ್ದು. ದಿನಕ್ಕೆ ಹತ್ತು ಸಲ ಫೋನ್ ಮಾಡಿ ಊಟ ಆಯಿತೇ, ಓದಿದೆಯಾ ಎಂದು ಕೇಳುವುದು ಪ್ರೀತಿಯೇ ನಿಜ. ಆದರೆ ಮಗುವನ್ನು ಕಳುಹಿಸಿಯೂ ಕಳುಹಿಸದಂತೆ ಹಿಡಿದಿಟ್ಟುಕೊಳ್ಳುವ ಪ್ರೀತಿ ಅದು. ಹೊರಡುವ ದಿನ ತಲೆಯ ಮೇಲೆ ಕೈಯಿಟ್ಟು, ಬಾಯಿ ತೆರೆದು ಒಂದು ಹರಕೆಯ ಮಾತು ಹೇಳಿದರೆ ಅದು ಟ್ರಂಕಿನಲ್ಲಿಟ್ಟ ಉಪ್ಪಿನಕಾಯಿಗಿಂತ ಹೆಚ್ಚು ದಿನ ಬಾಳುತ್ತದೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದ ದಿನ, ಹೊಸ ಊರಿನಲ್ಲಿ ಜ್ವರ ಬಂದು ಒಬ್ಬನೇ ಮಲಗಿದ ದಿನ, ಮಗನಿಗಾಗಲಿ ಮಗಳಿಗಾಗಲಿ ನೆನಪಾಗುವುದು ಆ ಮಾತೇ.