ಮೂಗಿಗಿಂತ ಮೂಗುತಿ ಭಾರವಾಗದಿರಲಿ
ಬೆಟ್ಟದ ಸೈಕಲ್ಲು ಏರುವ ಯುವಮಿತ್ರರಿಗೆ ಅನುಭವದ ನಾಲ್ಕು ಮಾತು

ಮೊದಲ ಮಳೆ ಬಿದ್ದು ಸಹ್ಯಾದ್ರಿಯ ಬೆಟ್ಟಗಳು ಹಸಿರಾದವೆಂದರೆ ಪುಣೆಯ ನಮ್ಮ ಹುಡುಗ ಹುಡುಗಿಯರಿಗೆ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಭಾನುವಾರ ಬೆಳಕು ಹರಿಯುವ ಮೊದಲೇ ಸೈಕಲ್ಲು ಹೊರಗೆ! ಖಡಕವಾಸ್ಲಾ, ಪಾನಶೇತ್, ಸಿಂಹಗಡದ ತಪ್ಪಲು ಎಂದು ಹೊರಟುಬಿಡುತ್ತಾರೆ. ಸಂತೋಷದ ವಿಷಯವೇ. ಆದರೆ ಸಂಘದ ಕಾರ್ಯಕ್ರಮಗಳಲ್ಲಿ ಇವರು ನನ್ನನ್ನು ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: "ಅಂಕಲ್, ನನ್ನ ಸೈಕಲ್ಲಿಗೆ ಇನ್ನು ಯಾವ ಪಾರ್ಟ್ ಹಾಕಿಸಲಿ?"

ಉತ್ತರಕ್ಕೆ ಮೊದಲು ನನ್ನದೇ ಪೆದ್ದುತನದ ಕಥೆಯೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ 24,000 ರೂಪಾಯಿಯ ಸೈಕಲ್ಲಿಗೆ 14,000 ರೂಪಾಯಿ ಕೊಟ್ಟು ಹೊಸ ಸಸ್ಪೆನ್ಷನ್ ಫೋರ್ಕು ಹಾಕಿಸಿದೆ. ಕಂಡವರೆಲ್ಲ ಹೊಗಳಿದರು, ನಾನೂ ಉಬ್ಬಿದೆ. ಜುಲೈ ತಿಂಗಳ ಒಂದು ಭಾನುವಾರ ಖಡಕವಾಸ್ಲಾದ ಆಚೆ ಗರಸು ದಾರಿಯೊಂದರಲ್ಲಿ ಇಳಿಯುತ್ತಿದ್ದೆ. ಹೊಸ ಫೋರ್ಕಿನ ಧೈರ್ಯದಲ್ಲಿ ವೇಗ ಹೆಚ್ಚಾಯಿತು. ತಿರುವಿನಲ್ಲಿ ಬ್ರೇಕು ಹಿಡಿದರೆ ಕಿರ್‍ರೆಂದು ಲೋಹ ಉಜ್ಜುವ ಸದ್ದು ಬಂತೇ ಹೊರತು ಸೈಕಲ್ಲು ನಿಲ್ಲಲಿಲ್ಲ. ಬ್ರೇಕಿನ ಪ್ಯಾಡುಗಳು ಎಂದೋ ಸವೆದುಹೋಗಿದ್ದವು. ಗಾಳಿ ತುಂಬಿ ಕಲ್ಲಿನಂತಾಗಿದ್ದ ಟೈರು ಒದ್ದೆ ನೆಲದ ಮೇಲೆ ಜಾರಿತು. ಬಲ ಮೊಣಕೈ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರು. ಧಾರವಾಡದಲ್ಲಿ ವರ್ಷಗಟ್ಟಲೆ ಸೈಕಲ್ಲು ತುಳಿದ ನನ್ನ ತಂದೆ ಅದನ್ನು ನೋಡಿ ಕೇಳಿದ್ದು ಇಷ್ಟೇ: "ಓಡಾಕ ಎಲ್ಲಾ ಮಾಡ್ಸಿದಿ, ನಿಲ್ಲಾಕ ಏನ್ ಮಾಡ್ಸಿದಿ ತಮ್ಮಾ?"

ಈ ಲೇಖನದ ತಿರುಳು ಆ ಪ್ರಶ್ನೆಯಲ್ಲೇ ಇದೆ.

ಬ್ರೇಕಿನಿಂದ ಬಂದ ಹೆಸರು

ಬೆಟ್ಟದ ಸೈಕಲ್ಲಿನ ಇತಿಹಾಸವೂ ಇದೇ ಪಾಠ ಹೇಳುತ್ತದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದಿಂದ ಇಳಿಸುವ ಆಟ ಆರಂಭಿಸಿದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಬಳಿ ಮೊದಲ ಸ್ಪರ್ಧೆ ನಡೆಯಿತು. ಸುಮಾರು ಮೂರೂವರೆ ಕಿಲೋಮೀಟರಿನಲ್ಲಿ 400 ಮೀಟರಿನಷ್ಟು ಇಳಿಜಾರು! ಆ ಸೈಕಲ್ಲುಗಳಿಗಿದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಹಬ್ ಬ್ರೇಕು. ಕೆಳಗೆ ತಲಪುವಷ್ಟರಲ್ಲಿ ಹಬ್ಬಿನ ಗ್ರೀಸು ಕಾದು ಹೊಗೆಯಾಗುತ್ತಿತ್ತು, ಮತ್ತೆ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಹೀಗೆ 'ಮರಳಿ ತುಂಬು' ಎಂಬ ಅರ್ಥದ 'ರಿಪ್ಯಾಕ್' ಎಂಬ ಹೆಸರೇ ಆ ಸ್ಪರ್ಧೆಗೆ ಅಂಟಿಕೊಂಡಿತು. 1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸದಾಗಿ ಕಟ್ಟಿದ ಸೈಕಲ್ಲಿನಲ್ಲಿ ರಿಮ್ಮನ್ನು ಹಿಡಿಯುವ ಕ್ಯಾಂಟಿಲಿವರ್ ಬ್ರೇಕುಗಳಿದ್ದವು. ರಾಕ್‌ಶಾಕ್ಸ್ ಕಂಪನಿಯ ಸಸ್ಪೆನ್ಷನ್ ಫೋರ್ಕು ಬಂದದ್ದು 1989ರ ಸುಮಾರಿಗೆ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನವೂ ಸಿಕ್ಕಿತು. ಮೊದಲು ನಿಲ್ಲುವ ಚಿಂತೆ, ಮೆತ್ತಗಿನ ಸವಾರಿ ಆಮೇಲೆ. ನಾವು ಹಣ ಖರ್ಚು ಮಾಡಬೇಕಾದ ಕ್ರಮವೂ ಇದೇ.

ಮೊದಲು ಟೈರು

ಇಡೀ ಸೈಕಲ್ಲಿನಲ್ಲಿ ನೆಲವನ್ನು ಮುಟ್ಟುವುದು ಎರಡು ಟೈರುಗಳು ಮಾತ್ರ. ಅವುಗಳ ಸುಧಾರಣೆಗೆ ಮೊದಲು ಬೇಕಾದದ್ದು ಹಣವಲ್ಲ, ಗಾಳಿ ಅಳೆಯುವ ಒಂದು ಗೇಜು. ರಸ್ತೆಯ ಮೇಲೆ ಗಟ್ಟಿ ಟೈರು ಹಗುರಾಗಿ ಓಡುತ್ತದೆ ನಿಜ. ಆದರೆ ಗರಸು, ಕಲ್ಲುಗಳ ಮೇಲೆ ಅದು ಪುಟಿಯುತ್ತದೆ, ಹಿಡಿತ ಬಿಡುತ್ತದೆ. 60-70 ಕಿಲೋ ತೂಕದ ಸವಾರರು ಟ್ಯೂಬಿರುವ 2.2 ಇಂಚಿನ ಟೈರಿಗೆ 30 ಪಿಎಸ್ಐ ಆಸುಪಾಸಿನಿಂದ ಆರಂಭಿಸಿ ನೋಡಬಹುದು, ಹಿಂದಿನದಕ್ಕೆ ಎರಡು ಮೂರು ಹೆಚ್ಚು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮಿತಿಯನ್ನು ಮೀರಬೇಡಿ. ತೀರಾ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ಹೊಸ ಟೈರು ಕೊಳ್ಳುವಾಗ ಹೆಚ್ಚು ಹಿಡಿತದ್ದನ್ನು ಮುಂದಕ್ಕೆ ಹಾಕಿ. ಹಿಂದಿನ ಗಾಲಿ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ನಮ್ಮ ಕಡೆಯ ಜಾಲಿಮುಳ್ಳಿಗೆ ಟ್ಯೂಬ್‌ಲೆಸ್ ಒಳ್ಳೆಯ ಮದ್ದು. ಒಳಗಿನ ಸೀಲೆಂಟ್ ದ್ರವ ಸಣ್ಣ ತೂತನ್ನು ತಾನೇ ಮುಚ್ಚುತ್ತದೆ. ಆದರೆ ರಿಮ್ಮು, ಟೈರು ಎರಡೂ ಅದಕ್ಕೆ ತಕ್ಕವಾಗಿರಬೇಕು, ಮತ್ತು ದ್ರವವು ಬಿಸಿಲಿಗೆ ಬೇಗ ಒಣಗುವುದರಿಂದ ಕೆಲವು ತಿಂಗಳಿಗೊಮ್ಮೆ ತುಂಬಬೇಕು.

ನಂತರ ಬ್ರೇಕು

ಡಿಸ್ಕ್ ಬ್ರೇಕಿನ ಪ್ಯಾಡು ಒಂದು ಮಿಲಿಮೀಟರಿಗೆ ಇಳಿದರೆ ಬದಲಿಸಿ. ಹೊಸ ಫೋರ್ಕಿನ ಬೆಲೆಯ ಮುಂದೆ ಇದು ಯಾವ ಲೆಕ್ಕ? ನಮ್ಮ ಮಳೆಗಾಲದ ಕೆಸರು ಪ್ಯಾಡನ್ನು ಅರದಂತೆ ಉಜ್ಜಿಹಾಕುತ್ತದೆ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಸವಾರಿಗೆ ಮೊದಲು ಇಣುಕಿ ನೋಡಿ. ಹೊಸ ಪ್ಯಾಡು ಹಾಕಿದೊಡನೆ ಬೆಟ್ಟಕ್ಕೆ ಓಡಬೇಡಿ. ಸಮತಟ್ಟಾದ ದಾರಿಯಲ್ಲಿ ಸ್ವಲ್ಪ ವೇಗ ಪಡೆದು, ಪೂರ್ತಿ ನಿಲ್ಲಿಸದೆ ನಿಧಾನಕ್ಕೆ ಇಳಿಸಿ. ಹೀಗೆ ಇಪ್ಪತ್ತು ಸಲ ಮಾಡಿದರೆ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಡಿಸ್ಕಿಗೆ ಎಣ್ಣೆಯ ಕೈ ಸೋಕಬಾರದು. ಹೈಡ್ರಾಲಿಕ್ ಬ್ರೇಕುಗಳಲ್ಲಿ ಕೆಲವಕ್ಕೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ ದ್ರವ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರು ಹಾಳಾಗಿ ಬ್ರೇಕೇ ಕೈಕೊಡುತ್ತದೆ. ತಯಾರಕರು ಯಾವುದನ್ನು ಹೇಳಿದ್ದಾರೋ ಅದನ್ನೇ ಹಾಕಿಸಿ.

ಚೈನು: ಒಂದು ಸ್ಕೇಲು ಸಾಕು

ಗೇರು ಜಿಗಿಯುತ್ತದೆಯೆಂದು ಇಡೀ ಗೇರು ಸೆಟ್ಟನ್ನೇ ಬದಲಿಸಲು ಹೊರಡುವವರಿದ್ದಾರೆ. ಮೊದಲು ಶಾಲೆಯ 12 ಇಂಚಿನ ಸ್ಕೇಲು ಹಿಡಿದು ಚೈನನ್ನು ಅಳೆಯಿರಿ. ಒಂದು ಪಿನ್ನಿನ ಮಧ್ಯದಿಂದ ಆರಂಭಿಸಿದರೆ, ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚಿಗೆ ಇನ್ನೊಂದು ಪಿನ್ನಿನ ಮಧ್ಯ ಬರುತ್ತದೆ. ಅದು ಒಂದು ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಸರಿದಿದ್ದರೆ ಚೈನು ಬದಲಿಸುವ ಕಾಲ ಬಂತು. ಎಂಟನೇ ಒಂದು ಭಾಗ ಸರಿದಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ. ಚೈನನ್ನು ಸಕಾಲದಲ್ಲಿ ಬದಲಿಸಿದರೆ ಅದಕ್ಕಿಂತ ದುಬಾರಿಯಾದ ಚಕ್ರಗಳು ಉಳಿಯುತ್ತವೆ.

ಕೊನೆಗೆ ಫೋರ್ಕು

ಇಷ್ಟಾದ ಮೇಲೂ ಫೋರ್ಕು ಬೇಕೆನಿಸಿದರೆ ಮೂರು ವಿಷಯ ನೋಡಿ. ಹ್ಯಾಂಡಲ್ಲಿನ ಕೆಳಗಿನ ಫ್ರೇಮಿನ ಕೊಳವೆ ಮೇಲಿಂದ ಕೆಳಗೆ ಒಂದೇ ಅಗಲದ್ದಾದರೆ, ಕೆಳಗೆ ಅಗಲವಾಗುವ ಇಂದಿನ ಹಲವು ಫೋರ್ಕುಗಳು ಅದರಲ್ಲಿ ಕೂರುವುದಿಲ್ಲ. ಗಾಲಿಯ ಅಚ್ಚು ಹೊಸ ಫೋರ್ಕಿಗೆ ಹೊಂದದಿದ್ದರೆ ಹೊಸ ಗಾಲಿಯ ಖರ್ಚೂ ಸೇರುತ್ತದೆ. ಫ್ರೇಮು 100 ಮಿಲಿಮೀಟರ್ ಕುಸಿತದ ಫೋರ್ಕಿಗೆಂದು ರಚಿತವಾಗಿದ್ದರೆ 140ರದ್ದು ಹಾಕಬೇಡಿ. ಸೈಕಲ್ಲಿನ ಮುಂಭಾಗ ಎದ್ದು ಏರಿನಲ್ಲಿ ಗಾಲಿ ಅಲೆದಾಡುತ್ತದೆ, ಫ್ರೇಮಿಗೂ ಮಿತಿಮೀರಿದ ಒತ್ತಡ. ಎಲ್ಲ ಕೂಡಿಸಿದಾಗ ಸೈಕಲ್ಲಿನ ಅರ್ಧ ಬೆಲೆ ದಾಟಿದರೆ, ಮೂಗಿಗಿಂತ ಮೂಗುತಿ ಭಾರವಾಯಿತು ಎಂದೇ ಅರ್ಥ. ಆ ಹಣವನ್ನು ಮುಂದಿನ ಸೈಕಲ್ಲಿಗೆ ಕೂಡಿಡುವುದೇ ಜಾಣತನ.

ಈಗಿರುವ ಗಾಳಿಯ ಫೋರ್ಕನ್ನು ಸರಿಯಾಗಿ ಹೊಂದಿಸಿಕೊಂಡಿದ್ದೀರಾ? ಅದರ ಕಾಲಿಗೆ ರಬ್ಬರ್ ಉಂಗುರ ಸಿಕ್ಕಿಸಿ, ಸವಾರಿಯ ಭಂಗಿಯಲ್ಲಿ ಸೈಕಲ್ಲಿನ ಮೇಲೆ ನಿಲ್ಲಿ. 100 ಮಿಲಿಮೀಟರಿನ ಫೋರ್ಕು 20-25 ಮಿಲಿಮೀಟರ್ ಕುಸಿದರೆ ಸರಿ. ಇದಕ್ಕೆ ಖರ್ಚು ಒಂದು ರಬ್ಬರ್ ಉಂಗುರ!

ಅಂಗಡಿಯಲ್ಲಿ ಸಿಗದ ಪಾರ್ಟು

ಎಲ್ಲಕ್ಕಿಂತ ಮುಖ್ಯವಾದ ಬಿಡಿಭಾಗ ಸವಾರನೇ. ಕಾಲೋನಿಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ವೇಗವಾಗಿ ಬಂದು ಗೆರೆಯಲ್ಲಿ ಬ್ರೇಕು ಹಿಡಿದು ಎಷ್ಟು ದೂರದಲ್ಲಿ ನಿಲ್ಲುತ್ತೀರೆಂದು ಅಳೆಯಿರಿ. ನಿಲ್ಲಿಸುವ ಶಕ್ತಿ ಹೆಚ್ಚಿರುವುದು ಮುಂದಿನ ಬ್ರೇಕಿಗೆ. ಅದಕ್ಕೆ ಹೆದರದೆ, ಅದನ್ನು ಹಠಾತ್ತನೆ ಹಿಚುಕದೆ, ಮೆಲ್ಲನೆ ಬಿಗಿಮಾಡುವುದನ್ನು ಕಲಿಯಬೇಕು.

ಇಳಿಯುವಾಗ ಸೀಟು ತಗ್ಗಿಸಿ. ಎರಡೂ ಪೆಡಲು ಸಮಮಟ್ಟದಲ್ಲಿರಲಿ, ಹಿಮ್ಮಡಿ ಕೆಳಗೆ, ಮೊಣಕೈ ಮಡಿಸಿ ಸಡಿಲವಾಗಿರಲಿ. ವೇಗವನ್ನು ತಿರುವಿಗೆ ಮೊದಲೇ ಇಳಿಸಿ, ತಿರುವಿನೊಳಗೆ ಹೋಗಿ ಬ್ರೇಕು ಜಗ್ಗಬೇಡಿ. ಪಾಚಿಗಟ್ಟಿದ ಕಲ್ಲಿನ ಮೇಲೆ ನೇರವಾಗಿ ಸಾಗಿ. ಕಣ್ಣು ಹೋಗುವ ಕಡೆಗೇ ಸೈಕಲ್ಲು ಹೋಗುತ್ತದೆ. ಗುಂಡಿಯನ್ನೇ ದಿಟ್ಟಿಸಿದರೆ ಗುಂಡಿಗೇ ಬೀಳುತ್ತೀರಿ, ದಾರಿಯನ್ನು ನೋಡಿ. ಮನಸ್ಸು ಅಳುಕಿದರೆ ಇಳಿದು ತಳ್ಳಿಕೊಂಡು ನಡೆಯಿರಿ, ಅದರಲ್ಲಿ ಅವಮಾನವೇನೂ ಇಲ್ಲ.

ಹೆಲ್ಮೆಟ್ ಇಲ್ಲದೆ ಹೊಸಿಲು ದಾಟಬೇಡಿ. ಒಂದು ಟ್ಯೂಬು, ಪಂಪು, ನೀರು, ಜೊತೆಗೊಬ್ಬ ಗೆಳೆಯ ಇರಲಿ. ಪುಣೆಯ ಟೇಕಡಿಗಳಲ್ಲಿ ಬೆಳಗಿನ ಹೊತ್ತು ನಡೆಯಲು ಬರುವ ಹಿರಿಯರಿಗೆ ದಾರಿ ಬಿಡಿ. ದಾರಿ ತೀರಾ ಕೆಸರಾಗಿದ್ದರೆ ಹಿಂದಿರುಗಿ, ಗಾಲಿ ಕೊರೆದ ಹಳ್ಳದಲ್ಲೇ ಮುಂದಿನ ಮಳೆಯ ನೀರು ಹರಿದು ದಾರಿಯನ್ನು ಕೊಚ್ಚಿಹಾಕುತ್ತದೆ. ರಜೆಗೆ ಊರಿಗೆ ಹೋದಾಗ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳ ದಾರಿ ಕೈಬೀಸಿ ಕರೆಯುತ್ತದೆ. ಅವು ಒಬ್ಬರ ಆಸ್ತಿ ಎಂಬುದನ್ನು ಮರೆಯದೆ ಕೇಳಿಕೊಂಡೇ ಒಳಗೆ ಹೋಗಿ. ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ.

ಇನ್ನು ಮುಂದೆ ಯಾರಾದರೂ "ಯಾವ ಪಾರ್ಟ್ ಹಾಕಿಸಲಿ ಅಂಕಲ್?" ಎಂದು ಕೇಳಿದರೆ ನಾನು ನನ್ನ ಮೊಣಕೈ ತೋರಿಸಿ, ತಂದೆಯವರ ಪ್ರಶ್ನೆಯನ್ನೇ ಮರಳಿ ಕೇಳುತ್ತೇನೆ. ನಿಲ್ಲಲು ಏನು ಮಾಡಿಸಿದ್ದೀರಿ? ಅದಕ್ಕೆ ಸರಿಯಾದ ಉತ್ತರ ನಿಮ್ಮಲ್ಲಿದ್ದರೆ ಸಹ್ಯಾದ್ರಿಯ ಬೆಟ್ಟಗಳೆಲ್ಲ ನಿಮ್ಮವೇ. ಹೋಗಿಬನ್ನಿ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರಿರಿ.